ಬೆಳೆಗಾರರ ಪ್ರಶ್ನೆ, ನಮ್ಮ ಉತ್ತರ: ಕೊಡಗಿನ ಸಾವಯವ ಕಾಫಿ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾವಯವ ಕಾಫಿಯ ಬಗ್ಗೆಯೇ. ಬರೆದವರು ಬಹುಪಾಲು ಎರಡರಿಂದ ಆರೇಳು ಎಕರೆಯವರು. ಕಾಫಿ ಮಂಡಳಿಯ ಲೆಕ್ಕದಲ್ಲಿ 25 ಎಕರೆವರೆಗೂ ಸಣ್ಣ ಬೆಳೆಗಾರರೇ. ಆದರೆ ಮೂರು ಎಕರೆಯವರ ಕಷ್ಟವೇ ಬೇರೆ, ಇಪ್ಪತ್ತು ಎಕರೆಯವರ ಕಷ್ಟವೇ ಬೇರೆ. ಉತ್ತರಗಳನ್ನು ಮೂರು ಎಕರೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಮಾದಾಪುರದ ಹತ್ತಿರ ನಮ್ಮದು ಮೂರೂವರೆ ಎಕರೆ. ಅರ್ಧ ಅರೇಬಿಕಾ, ಅರ್ಧ ರೊಬಸ್ಟಾ, ಮರಗಳಿಗೆ ಕರಿಮೆಣಸು ಹಬ್ಬಿಸಿದ್ದೇವೆ. ರೇಟು ಜಾಸ್ತಿಯಾಯಿತು ಅಂತ ಎರಡು ವರ್ಷದಿಂದ ರಾಸಾಯನಿಕ ಗೊಬ್ಬರ ಹಾಕಿಲ್ಲ. ಈ ವರ್ಷದ ಕಾಫಿಯನ್ನು ಸಾವಯವ ಎಂದು ಮಾರಬಹುದೇ?

ಉತ್ತರ: ಹಾಕಿಲ್ಲ ಎಂದರೆ ಸಾಲದು, ಹಾಕಿಲ್ಲ ಎನ್ನುವುದಕ್ಕೆ ಕಾಗದ ಬೇಕು. ದಾರಿ ಎರಡಿವೆ. ಒಂದು, ವಾಣಿಜ್ಯ ಸಚಿವಾಲಯದ ಅಡಿ ರಫ್ತು ಪ್ರಾಧಿಕಾರ ಅಪೆಡಾ ನಡೆಸುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ, ಅಂದರೆ ಎನ್‌ಪಿಒಪಿ. ರಫ್ತು ಮಾಡುವುದಿದ್ದರೆ ಇದೇ ಬೇಕು. ಇನ್ನೊಂದು, ಕೃಷಿ ಸಚಿವಾಲಯದ ಪಿಜಿಎಸ್–ಇಂಡಿಯಾ. ಇದರಲ್ಲಿ ಅಕ್ಕಪಕ್ಕದ ಊರಿನ ಕನಿಷ್ಠ ಐದು ರೈತರು ಗುಂಪು ಕಟ್ಟಿ ಒಬ್ಬರ ತೋಟವನ್ನು ಇನ್ನೊಬ್ಬರು ತಪಾಸಣೆ ಮಾಡುತ್ತಾರೆ. ಖರ್ಚು ಕಡಿಮೆ, ಆದರೆ ದೇಶದೊಳಗಿನ ಮಾರಾಟಕ್ಕೆ ಮಾತ್ರ.

ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಎನ್‌ಪಿಒಪಿಯಲ್ಲಿ ಪರಿವರ್ತನೆಯ ಅವಧಿ ಮೂರು ವರ್ಷ. ಈ ಎಣಿಕೆ ನೀವು ಯೂರಿಯಾ ನಿಲ್ಲಿಸಿದ ದಿನದಿಂದಲ್ಲ, ಪ್ರಮಾಣೀಕರಣ ಸಂಸ್ಥೆಯಲ್ಲಿ ನೋಂದಣಿಯಾದಾಗಿನಿಂದ ಶುರು. ಹಿಂದಿನ ವರ್ಷಗಳ ದಾಖಲೆ ಗಟ್ಟಿಯಾಗಿದ್ದರೆ ಸಂಸ್ಥೆ ಒಂದಷ್ಟು ಅವಧಿ ಕಡಿಮೆ ಮಾಡಬಹುದು, ಅದು ಅವರ ವಿವೇಚನೆಗೆ ಬಿಟ್ಟದ್ದು. ನಿಮ್ಮ ಬಳಿ ಅಂಥ ದಾಖಲೆ ಇಲ್ಲದಿದ್ದರೆ ಆ ಎರಡು ವರ್ಷ ಮಣ್ಣಿಗೆ ಲಾಭ, ಲೆಕ್ಕಕ್ಕಲ್ಲ.

ಮೂರೂವರೆ ಎಕರೆಗೆ ಒಬ್ಬರೇ ಪ್ರಮಾಣಪತ್ರ ಮಾಡಿಸುವುದು ನಮ್ಮ ದೃಷ್ಟಿಯಲ್ಲಿ ದಂಡ. ತಪಾಸಣಾ ಶುಲ್ಕ ತೋಟದ ಅಳತೆ ನೋಡಿ ಇಳಿಯುವುದಿಲ್ಲ. 25ರಿಂದ 500 ಬೆಳೆಗಾರರು ಸೇರಿದ ಗುಂಪಿಗೆ ಒಂದೇ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಎನ್‌ಪಿಒಪಿಯಲ್ಲೇ ಇದೆ. ಗುಂಪಿನೊಳಗಿನ ತಪಾಸಕರು ಪ್ರತಿ ತೋಟವನ್ನೂ ನೋಡುತ್ತಾರೆ, ಹೊರಗಿನ ಸಂಸ್ಥೆ ಕೆಲವನ್ನು ಆರಿಸಿ ಪರಿಶೀಲಿಸುತ್ತದೆ. ಇಲ್ಲಿ ಒಬ್ಬರು ಕದ್ದು ಕಳೆನಾಶಕ ಹೊಡೆದರೂ ಇಡೀ ಗುಂಪಿನ ಕಾಫಿ ಸಿಕ್ಕಿಬೀಳಬಹುದು. ಆದ್ದರಿಂದ ಗುಂಪಿಗೆ ಸೇರಿಸಿಕೊಳ್ಳುವಾಗ ದಾಕ್ಷಿಣ್ಯ ಬೇಡ, ನೆಂಟಸ್ತನವನ್ನಂತೂ ನೋಡಲೇಬೇಡಿ.

ಈಗಲೇ ಮಾಡಬೇಕಾದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಳ್ಳುವುದು. ದಿನಾಂಕ, ಏನು ತಂದಿರಿ, ಎಲ್ಲಿಂದ, ಎಷ್ಟು, ತೋಟದ ಯಾವ ಭಾಗಕ್ಕೆ ಹಾಕಿದಿರಿ, ಎಷ್ಟು ಆಳು, ಎಷ್ಟು ಹಣ್ಣು ಕೊಯ್ದಿರಿ. ಬಿಲ್ಲುಗಳನ್ನು ಅದರಲ್ಲೇ ಅಂಟಿಸಿ. ಪಹಣಿಯ ಪ್ರತಿ, ತೋಟದ ಕೈನಕ್ಷೆ ಜೊತೆಗಿರಲಿ. ಮೆಣಸನ್ನು ಮರೆಯಬೇಡಿ. ಕಾಫಿ ಸಾವಯವ, ಅದರ ನೆತ್ತಿಯ ಮೇಲಿನ ಮೆಣಸಿಗೆ ಮಾತ್ರ ರಾಸಾಯನಿಕ ಶಿಲೀಂಧ್ರನಾಶಕ ಎಂದರೆ ಯಾವ ತಪಾಸಕರೂ ಒಪ್ಪುವುದಿಲ್ಲ. ತೋಟಕ್ಕೆ ತೋಟವೇ ಬದಲಾಗಬೇಕು.

ಪ್ರಶ್ನೆ: ಗೊಬ್ಬರ ನಿಲ್ಲಿಸಿ ಜೀವಾಮೃತ ಮಾತ್ರ ಕೊಡುತ್ತಿದ್ದೇವೆ. ಮೂರನೇ ವರ್ಷಕ್ಕೆ ರೊಬಸ್ಟಾ ಎಲೆ ಹಳದಿಗಟ್ಟಿ, ಫಸಲು ಅರ್ಧಕ್ಕೆ ಇಳಿದಿದೆ. ಸಾವಯವ ಎಂದರೆ ಇಷ್ಟೇನಾ? (ಸಿದ್ದಾಪುರ ಕಡೆಯಿಂದ)

ಉತ್ತರ: ಅಲ್ಲ. ನೀವು ಮಾಡುತ್ತಿರುವುದು ಸಾವಯವವಲ್ಲ, ಉಪವಾಸ. ಒಮ್ಮೆ ಲೆಕ್ಕ ಹಾಕಿ ನೋಡೋಣ.

ಒಂದು ಟನ್ ಕಾಫಿ ಬೇಳೆಯಾಗುವಷ್ಟು ಹಣ್ಣು ತೋಟದಿಂದ ಹೊರಟರೆ ಅದರ ಜೊತೆ ಸುಮಾರು 35ರಿಂದ 40 ಕೆಜಿ ಸಾರಜನಕ, ಹೆಚ್ಚುಕಡಿಮೆ ಅಷ್ಟೇ ಅಥವಾ ತುಸು ಜಾಸ್ತಿ ಪೊಟ್ಯಾಷ್, ಹತ್ತು ಕೆಜಿಗಿಂತ ಕಡಿಮೆ ರಂಜಕ ಹೊರಟಿತು ಎಂದರ್ಥ. ನಿಮ್ಮ ತೋಟ ಎಕರೆಗೆ 50 ಕೆಜಿಯ 20 ಚೀಲ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಕೊಡುತ್ತಿತ್ತು ಎಂದುಕೊಳ್ಳಿ. 27 ಔಟ್‌ಟರ್ನ್‌ನಲ್ಲಿ, ಅಂದರೆ ಚೀಲಕ್ಕೆ 27 ಕೆಜಿಯಂತೆ, 540 ಕೆಜಿ ಬೇಳೆ. ಹೋದದ್ದು 20 ಕೆಜಿ ಆಸುಪಾಸು ಸಾರಜನಕ, ಅಷ್ಟೇ ಪೊಟ್ಯಾಷ್. ಮಳೆಗಾಲದಲ್ಲಿ ಕೊಚ್ಚಿಹೋಗುವುದು, ಗಿಡ ತನ್ನ ರೆಕ್ಕೆಗಳಿಗೆ (ಕೊಂಬೆಗಳಿಗೆ) ಬಳಸುವುದು ಬೇರೆ. ಇನ್ನು 200 ಲೀಟರ್ ಜೀವಾಮೃತದಲ್ಲಿರುವುದು 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡೆರಡು ಕೆಜಿ ಬೆಲ್ಲ, ಹಿಟ್ಟು. ಇದರಲ್ಲಿ ಸಾರಜನಕ ಕೆಜಿ ಲೆಕ್ಕದಲ್ಲಿ ಇರುವುದಿಲ್ಲ, ಗ್ರಾಂ ಲೆಕ್ಕದಲ್ಲಿ ಇರುತ್ತದೆ. ಮಣ್ಣಿನಲ್ಲಿ ಕೊಳೆಯಲು ಸಾಕಷ್ಟು ವಸ್ತು ಇದ್ದರೆ ಅದನ್ನು ಕೊಳೆಸುವ ಜೀವಿಗಳಿಗೆ ಜೀವಾಮೃತ ನೆರವಾಗಬಹುದು. ಬರಿಮಣ್ಣಿಗೆ ಸುರಿದರೆ ಹಾಲಿಲ್ಲದೆ ಹೆಪ್ಪು ಹಾಕಿದಂತೆ.

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧದಷ್ಟು. ನಾಲ್ಕು ಟನ್ ಹಾಕಿದರೆ 20 ಕೆಜಿ, ಅದರಲ್ಲೂ ಮೊದಲ ವರ್ಷ ಗಿಡಕ್ಕೆ ದಕ್ಕುವುದು ಅರ್ಧ ಅಥವಾ ಅದಕ್ಕಿಂತ ಕಡಿಮೆ. ನಾಲ್ಕು ಟನ್ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕಿದರೂ ಇಳಿಜಾರಿನಲ್ಲಿ ಹೊತ್ತು ಹಾಕುವ ಕೂಲಿ ಗೊಬ್ಬರದ ಬೆಲೆಗೆ ಸಮ. ಆದ್ದರಿಂದ ಒಂದನ್ನೇ ನಂಬಬೇಡಿ. ಎಕರೆಗೆ ಎರಡು ಟನ್ ಕಳಿತ ಗೊಬ್ಬರ ಅಥವಾ ಕಾಂಪೋಸ್ಟ್, 150 ಕೆಜಿ ಬೇವಿನ ಹಿಂಡಿ (ಇದರಿಂದ ಆರೇಳು ಕೆಜಿ ಸಾರಜನಕ), ಮಣ್ಣು ಪರೀಕ್ಷೆ ಹೇಳಿದಷ್ಟು ಶಿಲಾ ರಂಜಕ, ಮನೆಯ ಸೌದೆ ಒಲೆಯ ಬೂದಿ. ಜೊತೆಗೆ ಮುಂಗಾರಿಗೆ ಮೊದಲು ಹಾಲುವಾಣ, ಗ್ಲಿರಿಸಿಡಿಯಾ ಮರಗಳ ಮರಗಸಿ (ರೆಂಬೆ ಕಡಿತ) ಮಾಡಿದ ಸೊಪ್ಪು. ಇವೆರಡೂ ಗಾಳಿಯ ಸಾರಜನಕ ಹಿಡಿಯುವ ಮರಗಳು. ಸೊಪ್ಪನ್ನು ರಸ್ತೆ ಬದಿಗೆ ಎಸೆಯುವುದು, ಅಂಗಡಿಯಿಂದ ಹಿಂಡಿ ತರುವುದು, ಎರಡನ್ನೂ ಒಂದೇ ತೋಟದಲ್ಲಿ ನೋಡುತ್ತೇವೆ! ಸಿಲ್ವರ್ ಓಕ್ ಮಾತ್ರ ಇರುವ ತೋಟಕ್ಕೆ ಈ ಅನುಕೂಲ ಇಲ್ಲ. ಅದರ ಎಲೆ ಕೊಳೆಯುವುದೂ ನಿಧಾನ.

ಹೆಚ್ಚಿನವರು ಗಮನಿಸದ ಒಂದು ವಿಷಯ ಇದೆ. ಹಣ್ಣಿನ ಪೊಟ್ಯಾಷ್‌ನ ದೊಡ್ಡ ಪಾಲು ಇರುವುದು ಸಿಪ್ಪೆಯಲ್ಲಿ. ಚೆರಿ ಮಾಡಿ ಮಾರಿದರೆ ಆ ಸಿಪ್ಪೆ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಹದಮಾಡುವ ಕಾರ್ಖಾನೆಗೆ) ಹೋಯಿತು. ಪಲ್ಪ್ ಮಾಡಿ, ಅಂದರೆ ಹಸಿ ಹಣ್ಣಿನ ಸಿಪ್ಪೆ ಸುಲಿದು, ಒಳಗಿನ ಬೀಜವನ್ನು ಒಣಗಿಸಿದ ಪಾರ್ಚ್‌ಮೆಂಟ್ ಮಾರಿದರೆ ಸಿಪ್ಪೆ ನಿಮ್ಮಲ್ಲೇ ಉಳಿಯಿತು. 100 ಕೆಜಿ ಹಣ್ಣಿಗೆ ಸುಮಾರು 40 ಕೆಜಿ ಹಸಿ ಸಿಪ್ಪೆ ಬರುತ್ತದೆ. ಆದರೆ ಪಲ್ಪರ್ ಬಾಯಿಯಡಿ ಅದನ್ನು ಗುಡ್ಡೆ ಹಾಕಿ ಬಿಟ್ಟರೆ ಒಳಗೆ ಗಾಳಿಯಾಡದೆ ಹುಳಿ ವಾಸನೆ ಹೊಡೆದು ಕಪ್ಪು ನೀರು ಸೋರುತ್ತದೆ. ಪೊಟ್ಯಾಷ್ ಆ ನೀರಿನಲ್ಲೇ ಹೋಯಿತು. ಸರಿಯಾದ ಕ್ರಮ ಹೀಗೆ: ಸಿಪ್ಪೆಯ ನೀರು ಒಂದೆರಡು ದಿನ ಬಸಿಯಲಿ. ಆಮೇಲೆ ಒಣ ತರಗೆಲೆ ಅರ್ಧ ಅಡಿ, ಸಿಪ್ಪೆ ಒಂದು ಅಡಿ, ಸಗಣಿ ಬಗ್ಗಡ ಒಂದು ತೆಳು ಪದರ, ಮೇಲೆ ಹಿಡಿ ಹಿಡಿ ಶಿಲಾ ರಂಜಕ. ಹೀಗೇ ಮೂರರಿಂದ ನಾಲ್ಕು ಅಡಿ ಎತ್ತರ, ಐದು ಅಡಿ ಅಗಲ. ವಾರದೊಳಗೆ ಒಳಗೆ ಕೈ ಇಡಲಾಗದಷ್ಟು ಬಿಸಿಯಾಗಬೇಕು. ಆಗದಿದ್ದರೆ ಒಂದೋ ತೇವ ಕಡಿಮೆ, ಇಲ್ಲವೇ ಹಸಿ ಹೆಚ್ಚಾಗಿ ಗಾಳಿ ಇಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಮಗುಚಿ. ಜನವರಿಯಲ್ಲಿ ಕಟ್ಟಿದ ರಾಶಿ ಮೇ ತಿಂಗಳ ಮಳೆಗೆ ಸಿದ್ಧ. ಜೂನ್ ಬಂದರೂ ತೋಟಕ್ಕೆ ಹೋಗದಿದ್ದರೆ ಪ್ಲಾಸ್ಟಿಕ್ ಹೊದಿಸಿ, ಕೊಡಗಿನ ಮಳೆಗೆ ತೆರೆದಿಟ್ಟ ಗೊಬ್ಬರ ನಾರು ಮಾತ್ರ ಉಳಿಸುತ್ತದೆ.

ಹಾಕುವ ಹೊತ್ತು: ಮೇ ತಿಂಗಳ ಒಳ್ಳೆಯ ಮಳೆ ಒಂದೆರಡು ಬಿದ್ದ ಮೇಲೆ ಅರ್ಧ, ಮಳೆ ಹಿಂದೆಗೆದ ಸೆಪ್ಟೆಂಬರ್‌ನಲ್ಲಿ ಅರ್ಧ. ಜುಲೈ, ಆಗಸ್ಟ್‌ನಲ್ಲಿ ಬೇಡವೇ ಬೇಡ. ಕಾಂಡದ ಬುಡಕ್ಕೆ ಗುಪ್ಪೆ ಹಾಕಬೇಡಿ, ಒಂದು ಒಂದೂವರೆ ಅಡಿ ಬಿಟ್ಟು ಸುತ್ತ ಹರಡಿ, ಮೇಲೆ ತರಗು ಮುಚ್ಚಿ. ಮಣ್ಣು ಹುಳಿಯಾಗಿದ್ದರೆ, ಅಂದರೆ ಪಿಎಚ್ 5.5ಕ್ಕಿಂತ ಕೆಳಗಿದ್ದರೆ, ಕೃಷಿ ಸುಣ್ಣ ಅಥವಾ ಡೋಲೊಮೈಟ್ ಬೇಕು. ಎರಡಕ್ಕೂ ಸಾವಯವದಲ್ಲಿ ಅಡ್ಡಿಯಿಲ್ಲ. ಆದರೆ ಸುಣ್ಣ ಮತ್ತು ಗೊಬ್ಬರವನ್ನು ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಡುವೆ ಮೂರು ನಾಲ್ಕು ವಾರ ಅಂತರ ಕೊಡಿ. ಮಣ್ಣು ಪರೀಕ್ಷೆಯ ಬಗ್ಗೆ ಚೆಟ್ಟಳ್ಳಿಯಲ್ಲಿರುವ ಕಾಫಿ ಸಂಶೋಧನಾ ಉಪಕೇಂದ್ರದಲ್ಲೇ ವಿಚಾರಿಸಬಹುದು. ಹೊರಗಿನಿಂದ ಕೋಳಿ ಗೊಬ್ಬರ ತರುವ ಮೊದಲು ಮಾತ್ರ ಪ್ರಮಾಣೀಕರಣ ಸಂಸ್ಥೆಯನ್ನು ಕೇಳಿ. ದೊಡ್ಡ ಕೋಳಿ ಫಾರಂಗಳ ಗೊಬ್ಬರಕ್ಕೆ ನಿರ್ಬಂಧ ಇದೆ.

ಪ್ರಶ್ನೆ: ಸೋಮವಾರಪೇಟೆ ತಾಲೂಕು. ಅರೇಬಿಕಾ ಗಿಡಗಳು ಬಿಳಿ ಕಾಂಡಕೊರಕದಿಂದ ವರ್ಷ ವರ್ಷ ಸಾಯುತ್ತಿವೆ. ವಿಷ ಬಳಿಯದೆ ಉಳಿಸಲಾಗದು ಎನ್ನುತ್ತಾರೆ ಪಕ್ಕದವರು. ನಿಜವೇ?

ಉತ್ತರ: ಹುಳು ಕಾಂಡದೊಳಗೆ ಸೇರಿದ ಮೇಲೆ ವಿಷದಿಂದಲೂ ಗಿಡ ಉಳಿಯುವುದಿಲ್ಲ. ಆದ್ದರಿಂದ ಕೆಲಸ ಇರುವುದು ದುಂಬಿ ಹಾರುವ ಮೊದಲು. ದುಂಬಿ ವರ್ಷಕ್ಕೆ ಎರಡು ಸಲ ಹೊರಬರುತ್ತದೆ: ಏಪ್ರಿಲ್–ಮೇ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಮ್ಮೆ. ಹಾಗಾಗಿ ಬೋರರ್ ಟ್ರೇಸಿಂಗ್ (ಕೊರಕ ಹತ್ತಿದ ಗಿಡ ಹುಡುಕುವುದು) ಮಾರ್ಚ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ಮುಗಿದಿರಬೇಕು. ನವೆಂಬರ್‌ನಲ್ಲಿ ಕೊಯ್ಲಿಗೆ ಬಂದ ಆಳುಗಳನ್ನೇ ಹುಡುಕಲು ಬಿಟ್ಟರೆ ಅಷ್ಟರಲ್ಲಿ ದುಂಬಿ ಹಾರಿ ಮೊಟ್ಟೆ ಇಟ್ಟಾಗಿರುತ್ತದೆ.

ಹುಡುಕುವುದು ಹೇಗೆ? ಕಾಂಡವನ್ನು ಬುಡದಿಂದ ಮೇಲಕ್ಕೆ ಬೆರಳಿನಿಂದ ಸವರಿ. ಹುಳು ತೊಗಟೆಯಡಿ ತಿಂದುಕೊಂಡು ಹೋದ ಕಡೆ ತೊಗಟೆ ಉಬ್ಬಿ, ಉಂಗುರ ಸುತ್ತಿದಂತೆ ಏಣು ಎದ್ದಿರುತ್ತದೆ. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ದಪ್ಪ ಮುಖ್ಯ ರೆಕ್ಕೆಗಳನ್ನೂ ಬಿಡಬೇಡಿ. ಎಲೆ ಸ್ವಲ್ಪ ಹಳದಿಯಾಗಿ, ಮಧ್ಯಾಹ್ನ ಬಾಡಿದಂತೆ ಕಾಣುವ ಗಿಡಗಳಿಂದ ಶುರುಮಾಡಿ. ಸಿಕ್ಕಿದ ಗಿಡದ ಏಣು ಕಾಂಡದ ಮೇಲ್ಭಾಗದಲ್ಲಷ್ಟೇ ಇದ್ದರೆ ಅದರ ಕೆಳಗೆ ಕಡಿದು ನೋಡಿ. ಕಡಿದ ಮುಖದಲ್ಲಿ ಪುಡಿ ತುಂಬಿದ ತೂತು ಕಂಡರೆ ಇನ್ನೂ ಕೆಳಗೆ ಕಡಿಯಿರಿ. ತೂತಿಲ್ಲದ ಬಿಳಿ ಮರ ಸಿಕ್ಕಿದರೆ ಅಲ್ಲಿಂದ ಕಂಬಚಿಗುರು (ನೇರ ಏಳುವ ಹೊಸ ಚಿಗುರು) ಬೆಳೆಸಬಹುದು. ಬೇರಿಗೆ ಇಳಿದಿದ್ದರೆ ಬುಡಸಹಿತ ಕಿತ್ತು ಅದೇ ವಾರ ಸುಡಿ. ಕಿತ್ತ ಗಿಡವನ್ನು ಒಲೆಗೆಂದು ಮನೆ ಹಿಂದೆ ಒಟ್ಟಿದರೆ ದುಂಬಿ ಸೌದೆ ರಾಶಿಯಿಂದಲೇ ಹೊರಟು ತೋಟಕ್ಕೆ ವಾಪಸಾಗುತ್ತದೆ. ಇದು ನಾವು ಅತಿ ಹೆಚ್ಚು ಕಾಣುವ ತಪ್ಪು.

ದುಂಬಿ ಮೊಟ್ಟೆ ಇಡುವುದು ತೊಗಟೆಯ ಬಿರುಕುಗಳಲ್ಲಿ, ಅದೂ ಬಿಸಿಲು ಬೀಳುವ ಕಾಂಡದಲ್ಲಿ. ಆದ್ದರಿಂದ ಉಳಿದ ಗಿಡಗಳ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದಲೋ ಗೋಣಿ ತುಂಡಿನಿಂದಲೋ ಉಜ್ಜಿ ನುಣುಪು ಮಾಡಿ. ಕತ್ತಿಯಿಂದ ಕೆರೆಯಬೇಡಿ, ಹಸಿರು ತೊಗಟೆಗೆ ಗಾಯವಾಗುತ್ತದೆ. ನಂತರ 200 ಲೀಟರ್ ನೀರಿಗೆ 20 ಕೆಜಿ ಸ್ಪ್ರೇ ಸುಣ್ಣ ಕದಡಿ, ಬಟ್ಟೆಯಲ್ಲಿ ಸೋಸಿ, ಕಾಂಡ ಮತ್ತು ದಪ್ಪ ರೆಕ್ಕೆಗಳಿಗೆ ಬಳಿಯಿರಿ. ಸುಣ್ಣ ಅಂಟಲೆಂದು ಅಂಗಡಿಯ ಅಂಟು ಬೆರೆಸುವುದು ರೂಢಿ, ಸಾವಯವದಲ್ಲಿ ಅದನ್ನು ಕೇಳಿಯೇ ಬಳಸಬೇಕು. ಹಾರಾಟದ ಹೊತ್ತಿಗೆ ಎಕರೆಗೆ ಹತ್ತರಂತೆ ಮೋಹಕ ಬಲೆ ಕಟ್ಟಬಹುದು. ಆದರೆ ಬಲೆಯಿಂದಲೇ ಹತೋಟಿಯಾಗುತ್ತದೆಂದು ನೆಚ್ಚಿಕೊಳ್ಳಬೇಡಿ.

ಎಲ್ಲಕ್ಕಿಂತ ದೊಡ್ಡ ಮದ್ದು ನೆರಳು. ಮರ ಮಾರಿ ತೋಟ ಬೆಳ್ಳಗಾದ ಕಡೆ ಗಿಡಗಳು ಎರಡು ಮೂರು ವರ್ಷದಲ್ಲಿ ಸಾಲಾಗಿ ಬೀಳುತ್ತವೆ. ಅತ್ತಿ, ಬಸರಿ, ಗೋಣಿ, ಹಲಸು ಇದ್ದ ತಾವುಗಳನ್ನು ಹಾಗೇ ಉಳಿಸಿ. ಖಾಲಿ ಬಿದ್ದ ಜಾಗಕ್ಕೆ ಮೊದಲು ಹಾಲುವಾಣದ ಗೂಟ ನೆಟ್ಟು ಆಮೇಲೆ ಕಾಫಿ ಗಿಡ ನೆಡಿ. ತೀರಾ ಬಿಸಿಲಿನ ದಕ್ಷಿಣ, ಪಶ್ಚಿಮ ಇಳಿಜಾರಾಗಿದ್ದರೆ ಆ ಭಾಗವನ್ನು ರೊಬಸ್ಟಾಕ್ಕೆ ಬಿಡುವ ಯೋಚನೆಯೂ ತಪ್ಪಲ್ಲ, ಅದಕ್ಕೆ ಈ ಹುಳದ ಕಾಟ ಇಲ್ಲವೆನ್ನುವಷ್ಟು ಕಡಿಮೆ.

ಪ್ರಶ್ನೆ: ಬೋರ್ಡೋ ದ್ರಾವಣ ಸಾವಯವವೇ? ಅದರಲ್ಲಿರುವ ಮೈಲುತುತ್ತ ರಾಸಾಯನಿಕ ಅಲ್ಲವೇ?

ಉತ್ತರ: ರಾಸಾಯನಿಕ ಹೌದು, ಆದರೂ ಮಿತಿಯೊಳಗೆ ಬಳಸಲು ಅವಕಾಶವಿದೆ. ಮಿತಿ ಎಂಬ ಮಾತನ್ನು ಮಾತ್ರ ಜನ ಮರೆಯುತ್ತಾರೆ.

ಎಲೆ ತುಕ್ಕಿಗೆ ಶೇಕಡ 0.5ರ ದ್ರಾವಣ ಸಾಕು. ಒಂದು ಕೆಜಿ ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ 100 ಲೀಟರ್ ನೀರಿನ ಮೇಲ್ಭಾಗದಲ್ಲಿ ತೂಗುಬಿಟ್ಟು ಕರಗಿಸಿ. ಇನ್ನೊಂದು ಬ್ಯಾರೆಲ್‌ನಲ್ಲಿ ಒಂದು ಕೆಜಿ ಸ್ಪ್ರೇ ಸುಣ್ಣಕ್ಕೆ 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಿ, ತಿರುಗಾ ಮುರುಗಾ ಮಾಡಬೇಡಿ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಕಬ್ಬಿಣದ್ದು ಬೇಡ. ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದರೆ ಕೆಂಪು ತಾಮ್ರದ ಲೇಪ ಹತ್ತಬಾರದು. ಹತ್ತಿದರೆ ಸುಣ್ಣ ಕಡಿಮೆಯಾಗಿದೆ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಹಳೆಯ, ಗಾಳಿಯಾಡಿದ ಸುಣ್ಣದಿಂದ ಹೀಗಾಗುವುದೇ ಹೆಚ್ಚು. ಮಾಡಿದ ದಿನವೇ ಬಳಸಿ ಮುಗಿಸಿ. ತುಕ್ಕಿನ ಕಿತ್ತಳೆ ಪುಡಿ ಏಳುವುದು ಎಲೆಯ ಅಡಿಯಲ್ಲಿ, ಆದ್ದರಿಂದ ನಾಝಲ್ ಕೆಳಗಿನಿಂದ ಮೇಲಕ್ಕೆ ತಿರುಗಿರಬೇಕು. ಮುಂಗಾರಿಗೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೆ ಸೆಪ್ಟೆಂಬರ್‌ನಲ್ಲೊಮ್ಮೆ.

ಈಗ ಲೆಕ್ಕ. ಮೈಲುತುತ್ತದಲ್ಲಿ ತಾಮ್ರ ಕಾಲುಭಾಗ. ಎಕರೆಗೆ 200 ಲೀಟರಿನ ಮೂರು ಬ್ಯಾರೆಲ್‌ನಂತೆ ಎರಡು ಸಲ ಹೊಡೆದರೆ ಆರು ಕೆಜಿ ತುತ್ತ, ಅಂದರೆ ಒಂದೂವರೆ ಕೆಜಿ ತಾಮ್ರ. ಯುರೋಪಿನ ನಿಯಮದಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕೆಜಿ, ಸರಾಸರಿ ವರ್ಷಕ್ಕೆ ನಾಲ್ಕು. ಎಕರೆಗೆ ಅದು 1.6 ಕೆಜಿ ಚಿಲ್ಲರೆ. ಕಾಫಿಗೇ ಮುಗಿಯಿತು! ಅದೇ ಎಕರೆಯ 100 ಮೆಣಸಿನ ಬಳ್ಳಿಗೆ ಸೊರಗು ರೋಗಕ್ಕೆಂದು ಶೇಕಡ ಒಂದರ ದ್ರಾವಣವನ್ನು ಬಳ್ಳಿಗೆ ಐದು ಲೀಟರಿನಂತೆ ಹೊಡೆದರೆ ಇನ್ನೂ 1.25 ಕೆಜಿ ತಾಮ್ರ. ರಿಜಿಸ್ಟರ್‌ನಲ್ಲಿ ಕಾಫಿ ಒಂದು ಪುಟ, ಮೆಣಸು ಒಂದು ಪುಟ ಬರೆದವರು ಇಲ್ಲಿಯೇ ಸಿಕ್ಕಿಬೀಳುವುದು. ಹಾಗಾಗಿ ಮೆಣಸಿನ ಬುಡಕ್ಕೆ ರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರ ಬೆರೆಸಿದ ಗೊಬ್ಬರ, ಬಸಿಗಾಲುವೆ, ಇವುಗಳ ಮೇಲೆ ಜಾಸ್ತಿ ಭಾರ ಹಾಕಿ. ಕಾಫಿಗೆ ತುಕ್ಕು ನಿಜವಾಗಿ ಬರುವ ಭಾಗಕ್ಕೆ ಮಾತ್ರ ಹೊಡೆಯಿರಿ. ರೊಬಸ್ಟಾಕ್ಕೆ ಸಾಮಾನ್ಯವಾಗಿ ಬೇಕಿಲ್ಲ. ಹೊಸದಾಗಿ ನೆಡುವವರು 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ಅರೇಬಿಕಾ ತಳಿಯನ್ನು ಯೋಚಿಸಬಹುದು, ತುಕ್ಕನ್ನು ಹಳೆಯ ತಳಿ ಎಸ್.795ಕ್ಕಿಂತ ಚೆನ್ನಾಗಿ ತಡೆಯುತ್ತದೆ. ಕಾಂಡಕೊರಕಕ್ಕೆ ಮಾತ್ರ ಅದೂ ಆಹಾರವೇ.

ಕೊಳೆರೋಗದ ಬಗ್ಗೆಯೂ ಇಬ್ಬರು ಕೇಳಿದ್ದಾರೆ. (ಆ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲೂ ‘ಕೊಳೆರೋಗ’ ಇದೆ, ನಮ್ಮ ಕನ್ನಡದ್ದೇ ಮಾತು.) ಮಳೆ ಹಿಡಿಯುವ ಮೊದಲು ಗಿಡದ ನಡು ಬಿಡಿಸಿ ಗಾಳಿಯಾಡುವಂತೆ ಮಾಡಿ, ಮರದಿಂದ ಉದುರಿ ಗಿಡದ ಮೇಲೆ ಕೂತ ತರಗೆಲೆಯನ್ನು ಕೊಡವಿ. ನೇತಾಡುವ ಕಪ್ಪೆಲೆಗಳನ್ನು ಮಳೆಯ ಬಿಡುವಿನಲ್ಲಿ ತೆಗೆದು ಹೂಳಿ. ವರ್ಷ ವರ್ಷ ಬರುವ ತಗ್ಗುಗಳಿಗಷ್ಟೇ ದ್ರಾವಣ ಸಾಕು.

ಪ್ರಶ್ನೆ: ರೊಬಸ್ಟಾದಲ್ಲಿ ಕಾಯಿಕೊರಕ. ಬಲೆ ಕಟ್ಟಿದರೂ ಕಡಿಮೆಯಾಗಿಲ್ಲ.

ಉತ್ತರ: ಬಲೆ ಕಟ್ಟಿದ ತೋಟದಲ್ಲಿ ನೆಲ ಹೇಗಿದೆ ಎಂದು ನೀವು ಬರೆದಿಲ್ಲ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಕಾಯಿಯೊಳಗೇ ಈ ಕೀಟ ಮುಂದಿನ ಫಸಲಿನವರೆಗೆ ಕಾಲ ಕಳೆಯುತ್ತದೆ. ಕೊಯ್ಯುವಾಗ ಗಿಡದಡಿ ಚಾಪೆ ಅಥವಾ ಟಾರ್ಪಾಲ್ ಹಾಸಿ. ಕೊಯ್ಲು ಮುಗಿದು ಎರಡು ವಾರದೊಳಗೆ ಉಳಿದ ಕಾಯಿ ಬಿಡಿಸಿ, ಉದುರು ಹೆಕ್ಕಿಸಿ. ಹೆಕ್ಕಿದ್ದರಲ್ಲಿ ತುದಿಯಲ್ಲಿ ಸೂಜಿ ಚುಚ್ಚಿದಂಥ ತೂತಿರುವ ಕಾಯಿಗಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ನಂತರ ಒಣಗಿಸಿ. ಮಣ್ಣಿನಲ್ಲಿ ಮೇಲೆ ಮೇಲೆ ಹೂತರೆ ಪ್ರಯೋಜನವಿಲ್ಲ. ತುಂತುರು ನೀರಾವರಿ ಇರುವವರು ಅಕಾಲದಲ್ಲಿ ಬಂದ ಹೂವಿನ ಕಾಯಿಗಳನ್ನು ಕಿತ್ತುಹಾಕಬೇಕು, ಕೀಟಕ್ಕೆ ಅವೇ ಸೇತುವೆ.

ಬಲೆಯ ಕೆಲಸ ಫೆಬ್ರವರಿಯಿಂದ ಮೇವರೆಗೆ, ಗಿಡದಲ್ಲಿ ಕಾಯಿ ಇಲ್ಲದಾಗ. ಎಕರೆಗೆ ಹತ್ತು. ಬಾಟಲಿಯ ಆಲ್ಕೊಹಾಲ್ ಆರಿಹೋದ ಬಲೆ ಬರೀ ಕೆಂಪು ಅಲಂಕಾರ. ಕೀಟ ಕೊಲ್ಲುವ ಬಿವೇರಿಯಾ ಶಿಲೀಂಧ್ರವನ್ನು ಮಳೆಗಾಲದ ಬಿಡುವಿನಲ್ಲಿ, ತೇವ ಇರುವಾಗ, ಸಂಜೆ ಹೊತ್ತು ಹೊಡೆಯಿರಿ. ಬೋರ್ಡೋ ಹೊಡೆದ ಆಸುಪಾಸಿನ ದಿನಗಳಲ್ಲಿ ಬೇಡ. ಬೋರ್ಡೋ ಶಿಲೀಂಧ್ರನಾಶಕ, ಬಿವೇರಿಯಾವೂ ಶಿಲೀಂಧ್ರವೇ ತಾನೆ.

ಪ್ರಶ್ನೆ: ಕೊಯ್ಲಿಗೆ ಬರುವವರು ಚಗಳಿ ಇರುವೆ ಇದ್ದರೆ ಗಿಡ ಮುಟ್ಟುವುದಿಲ್ಲ ಎನ್ನುತ್ತಾರೆ. ಕೀಟನಾಶಕ ಪುಡಿ ಹಾಕಲೇಬೇಕೇ? (ಗೋಣಿಕೊಪ್ಪ)

ಉತ್ತರ: ಪುಡಿ ಹಾಕಿದ ದಿನವೇ ನಿಮ್ಮ ಸಾವಯವ ಮುಗಿಯಿತು. ಚಗಳಿ ಗೂಡುಗಳನ್ನು ಕೊಯ್ಲಿಗೆ ವಾರ ಮೊದಲು ಬೆಳಗಿನ ಚಳಿಯಲ್ಲಿ, ಅವು ಜಡವಾಗಿರುವಾಗ, ರೆಂಬೆ ಸಹಿತ ಕತ್ತರಿಸಿ ಚೀಲಕ್ಕೆ ಹಾಕಿ. ಚಟ್ನಿ ಪ್ರಿಯರಿದ್ದರೆ ಈ ಕೆಲಸಕ್ಕೆ ಕೂಲಿಯೂ ಬೇಕಾಗದು. ಮರದಿಂದ ಗಿಡಕ್ಕೆ, ಗಿಡದಿಂದ ಗಿಡಕ್ಕೆ ತಾಗುವ ರೆಂಬೆ ಕಪಾತು ಮಾಡಿದರೆ ಅವುಗಳ ದಾರಿ ಕಡಿದಂತೆ. ಹಿಟ್ಟುತಿಗಣೆ ಇದ್ದರೆ ಅದು ಸುರಿಸುವ ಸಿಹಿಗಾಗಿ ಇರುವೆಗಳು ಅದನ್ನೇ ಕಾಯುತ್ತವೆ, ಪರಭಕ್ಷಕ ಹುಳಗಳನ್ನು ಹತ್ತಿರ ಬಿಡುವುದಿಲ್ಲ. ಇರುವೆ ಕಡಿಮೆ ಮಾಡಿದ ಮೇಲೆಯೇ ಕ್ರಿಪ್ಟೊಲೀಮಸ್ ಗುಲಗಂಜಿ ಹುಳ ಅಥವಾ ಲೆಪ್ಟೊಮ್ಯಾಸ್ಟಿಕ್ಸ್ ಪರತಂತ್ರ ಜೀವಿಯನ್ನು ಬಿಡಬೇಕು. ಮೊದಲು ಬಿಟ್ಟರೆ ಹಣ ದಂಡ.

ಪ್ರಶ್ನೆ: ಶನಿವಾರಸಂತೆ ಭಾಗದಲ್ಲಿ ಆಫ್ರಿಕನ್ ಬಸವನಹುಳು ಕಾಟ. ವಿಷದ ಗುಳಿಗೆ ಬಿಟ್ಟು ಬೇರೆ ಉಪಾಯ?

ಉತ್ತರ: ಮೊದಲ ಮಳೆಗೇ ಕೆಲಸ ಶುರುವಾಗಬೇಕು. ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ, ಕಾಂಡದ ತುಂಡು ಇಟ್ಟು ಸಂಜೆ ಬಿಡಿ, ಬೆಳಗ್ಗೆ ಆರು ಗಂಟೆಗೆ ಕೈಗವಸು ಹಾಕಿ ಆರಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಇವು ಮನುಷ್ಯರಿಗೂ ತಗಲುವ ಪರೋಪಜೀವಿಯನ್ನು ಹೊತ್ತಿರುತ್ತವೆ. ಉಪ್ಪು ನೀರಿಗೆ ಹಾಕಿ ಸತ್ತ ಮೇಲೆ ಆಳ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಉಪ್ಪು ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ. ಅಕ್ಕಪಕ್ಕದ ನಾಲ್ಕು ತೋಟದವರು ಒಂದೇ ವಾರ ಮಾಡದಿದ್ದರೆ ಆರಿಸಿದಷ್ಟೇ ಮತ್ತೆ ಬರುತ್ತವೆ.

ಪ್ರಶ್ನೆ: ಪರಿವರ್ತನೆ ಮುಗಿಯುತ್ತಾ ಬಂತು. ಊರಿನ ವ್ಯಾಪಾರಿ ಸಾವಯವಕ್ಕೆ ಹೆಚ್ಚು ಕೊಡುವುದಿಲ್ಲ ಎನ್ನುತ್ತಾರೆ. ಮಾರುವುದು ಹೇಗೆ? ಕೊಯ್ಲು, ಒಣಗಿಸುವುದರಲ್ಲಿ ಏನು ಬದಲಾಯಿಸಬೇಕು?

ಉತ್ತರ: ವ್ಯಾಪಾರಿ ಕೊಳ್ಳುವುದು ಔಟ್‌ಟರ್ನ್ ಮತ್ತು ತೇವ ನೋಡಿ. ನಿಮ್ಮ ಚೆರಿಯನ್ನು ಎಲ್ಲರದರ ಜೊತೆ ಒಂದೇ ಗೋದಾಮಿಗೆ ಸುರಿಯುವ ಅವರಿಗೆ ಸಾವಯವದಿಂದ ಲಾಭವೇನೂ ಇಲ್ಲ. ಹೆಚ್ಚು ಕೊಡುವವರು ರಫ್ತುದಾರರು ಮತ್ತು ಹುರಿದು ಮಾರುವ ಸಣ್ಣ ಸಂಸ್ಥೆಗಳು. ಅವರಿಗೆ ಬೇಕಾದ್ದು ಗುಂಪಿನ ಪ್ರಮಾಣಪತ್ರ, ಒಟ್ಟು ಸೇರಿದ ದೊಡ್ಡ ಪ್ರಮಾಣ, ರುಚಿಯಲ್ಲಿ ದೋಷವಿಲ್ಲದ ಮಾದರಿ. ಸಾವಯವ ಎಂಬ ಚೀಟಿ ಬೂಷ್ಟು ವಾಸನೆಯನ್ನು ಮುಚ್ಚುವುದಿಲ್ಲ. ಇನ್ನು ‘ಕೂರ್ಗ್ ಅರೇಬಿಕಾ’ಕ್ಕೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಊರಿನ ಗುರುತೇ ಹೊರತು ಸಾವಯವದ್ದಲ್ಲ. ಕೆಲವರು ಎರಡನ್ನೂ ಒಂದೇ ಎಂದುಕೊಂಡಿದ್ದಾರೆ.

ಹಣ್ಣು ಮಾತ್ರ ಕೊಯ್ಯಿಸಿ. ಹಸಿರು ಕಾಯಿ, ಕಪ್ಪಾದ ಹಣ್ಣು ಅದೇ ಸಂಜೆ ಬೇರೆಯಾಗಲಿ. ಅರೇಬಿಕಾ ಪಲ್ಪ್ ಮಾಡುವುದಾದರೆ ಕೊಯ್ದ ದಿನವೇ ಮಾಡಿ, ರಾತ್ರಿ ಚೀಲದಲ್ಲಿ ಬಿಟ್ಟ ಹಣ್ಣು ಬಿಸಿಯಾಗಿ ಹುಳಿಯುತ್ತದೆ. ಬೀಜದ ಅಂಟು ಬಿಡಲು ತೊಟ್ಟಿಯಲ್ಲಿ 24ರಿಂದ 36 ಗಂಟೆ ಇಡಿ. ಹಿಡಿಯಷ್ಟು ಬೀಜ ತೊಳೆದು ಹಿಂಡಿದಾಗ ಜಾರದೆ ಗರಗರ ಎಂದರೆ ಅಂಟು ಬಿಟ್ಟಿದೆ ಎಂದು ತಿಳಿಯಿರಿ. ಚೆರಿಯನ್ನು ಕಣದಲ್ಲಿ ಮೂರು ಇಂಚಿಗಿಂತ ದಪ್ಪ ಹರಡಬೇಡಿ, ಗಂಟೆಗೊಮ್ಮೆ ಕೆದಕಿ, ಸಂಜೆ ಗುಡ್ಡೆ ಮಾಡಿ ಮುಚ್ಚಿ. ಬೂಷ್ಟು ಹಿಡಿಯುವುದು ಮೊದಲ ಮೂರು ನಾಲ್ಕು ದಿನಗಳಲ್ಲಿ. ಒಳ್ಳೆಯ ಬಿಸಿಲಿಗೆ 12ರಿಂದ 15 ದಿನ ಬೇಕು. ಪಾರ್ಚ್‌ಮೆಂಟ್ ತೇವ ಶೇಕಡ 10, ರೊಬಸ್ಟಾ ಚೆರಿ 11. ಮೀಟರ್ ಇಲ್ಲದವರು ಒಂದೇ ಡಬ್ಬದ ಅಳತೆಯನ್ನು ದಿನಾ ತೂಗಿ ನೋಡಿ, ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ.

ಇನ್ನು ಚೀಲ. ಯೂರಿಯಾ, ಪೊಟ್ಯಾಷ್ ಬಂದ ಪ್ಲಾಸ್ಟಿಕ್ ಚೀಲವನ್ನು ತೊಳೆದು ಹಣ್ಣು ಕೊಯ್ಯಲು ಕೊಡುವುದು ಎಲ್ಲ ಲೈನ್ ಮನೆಗಳಲ್ಲೂ (ಆಳುಗಳ ಸಾಲುಮನೆಗಳಲ್ಲೂ) ಇರುವ ಅಭ್ಯಾಸ. ತಪಾಸಕರು ಕಣಕ್ಕೆ ಬಂದಾಗ ಮೊದಲು ನೋಡುವುದೂ ಅದನ್ನೇ. ಕೀಟನಾಶಕದ ಡಬ್ಬ ಇದ್ದ ಶೆಡ್ಡಿನಲ್ಲಿ ಕಾಫಿ ಚೀಲ ಒಟ್ಟಬೇಡಿ. ಪಕ್ಕದವರ ಪಲ್ಪರ್ ಅಥವಾ ಹಲ್ಲರ್ ಬಾಡಿಗೆಗೆ ಪಡೆದರೆ ಮೊದಲು ಗುಡಿಸಿ, ನಿಮ್ಮದೇ ಒಂದು ಚೀಲ ಓಡಿಸಿ, ಆ ಚೀಲವನ್ನು ಸಾಮಾನ್ಯ ಕಾಫಿ ಎಂದು ಮಾರಿ. ದಿನಾಂಕ ಸಮೇತ ಬರೆದಿಡಿ.

ಮನೆಯಲ್ಲೇ ಹುರಿದು ಪುಡಿ ಮಾರುವವರಿಗೆ: ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದ ಬೆಳೆಗಾರರು ಬಳಕೆದಾರರಿಗೆ ನೇರ ಮಾರುವಾಗ ಸಾವಯವ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಆದರೆ ಸಾವಯವದ ಸರ್ಕಾರಿ ಲಾಂಛನ ಹಾಕುವಂತಿಲ್ಲ.

ಪ್ರಶ್ನೆ: ಮೇಲಿನ ತೋಟದವರು ಕಳೆನಾಶಕ ಹೊಡೆಯುತ್ತಾರೆ. ನಮ್ಮ ಪ್ರಮಾಣಪತ್ರಕ್ಕೆ ತೊಂದರೆಯೇ?

ಉತ್ತರ: ಆಗಬಹುದು. ಗಡಿಯುದ್ದಕ್ಕೂ ಒಂದು ಕಾಲುವೆ ತೆಗೆದು ಮೇಲಿನ ನೀರನ್ನು ಬದಿಗೆ ತಿರುಗಿಸಿ. ನೀರು ನಿಮ್ಮ ತೊಟ್ಟಿಲುಗುಂಡಿಗಳಿಗೆ (ಮಳೆನೀರು ಇಂಗಿಸುವ ಗುಂಡಿಗಳಿಗೆ) ಇಳಿಯಬಾರದು. ಬೇಲಿಗೆ ದಟ್ಟವಾಗಿ ಗ್ಲಿರಿಸಿಡಿಯಾ ಹಾಕಿ. ಗಡಿಯ ಎರಡು ಮೂರು ಸಾಲಿನ ಹಣ್ಣನ್ನು ಬೇರೆ ಚೀಲಕ್ಕೆ ಕೊಯ್ದು ಸಾಮಾನ್ಯ ಕಾಫಿಯಾಗಿಯೇ ಮಾರಿ, ಎಷ್ಟು ಅಂತರ ಬೇಕೆಂದು ತಪಾಸಕರೇ ಸ್ಥಳ ನೋಡಿ ಹೇಳುತ್ತಾರೆ. ಮೇಲಿನವರ ಜೊತೆ ಜಗಳಕ್ಕಿಂತ ಹೊಡೆಯುವ ಹಿಂದಿನ ದಿನ ಒಂದು ಫೋನ್ ಮಾಡಿ ಎಂದು ಕೇಳಿಕೊಳ್ಳುವುದು ಲೇಸು. ಫೋನ್ ಬಂದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾವ ದಿನ, ಗಾಳಿ ಯಾವ ಕಡೆಗಿತ್ತು, ಏನು ಹೊಡೆದರು.